ರೂಟ್ ಹದಿನಾಲ್ಕು, ಸೈಕಲ್ ಮೇಲೆ

ಸೆಪ್ಟೆಂಬರ್ 4, ಸೋಮವಾರ

ಹೊರಟದ್ದು 9.10. ಅರಮನೆ ಉದ್ಯಾನ 9.34. ಅಲ್ಲಿಂದ ಹೊರಟದ್ದು 9.38. ಮನೆ 10.05. ತಡ ಇಲ್ಲ.

ಹತ್ತೊಂಬತ್ತು ವರ್ಷ ಬಸ್ಸಿನ ಟ್ರಿಪ್ ಶೀಟ್ ತುಂಬಿಸಿದ ಕೈ ಇದು, ಬೇರೆ ಥರ ಬರೆಯಲು ಬರುವುದಿಲ್ಲ. ಡೈರಿ ಮಗಳದು, ಅವಳ ಆಫೀಸಿನಲ್ಲಿ ಪುಕ್ಕಟೆ ಸಿಕ್ಕಿದ್ದು. ಸೈಕಲ್ಲೂ ಅವಳದೇ. "ರಾಜಧಾನಿ ದರ್ಶನ: ಸೈಕಲ್ ಮೇಲೆ ಹತ್ತು ತಾಣಗಳು" ಅಂತ ಪ್ರವಾಸಿಗರಿಗೆ ಹಂಚುವ ಮಡಚುವ ನಕ್ಷೆಯನ್ನೂ ಅವಳೇ ತಂದುಕೊಟ್ಟಳು. ನಾನು ಇದೇ ಊರಲ್ಲಿ ಹುಟ್ಟಿ ಬೆಳೆದವನು ಅಂದೆ. "ಅಪ್ಪಾ, ನೀನು ನೋಡಿರೋದು ಬರೀ ಹದಿನಾಲ್ಕನೇ ನಂಬರ್ ರೂಟು" ಅಂದಳು. ಅದೂ ನಿಜವೇ. ಅರಮನೆ ಉದ್ಯಾನದ ಗೇಟಿನ ಮುಂದೆ ದಿನಕ್ಕೆ ಹನ್ನೆರಡು ಸಲ ಬಸ್ ನಿಲ್ಲಿಸಿದ್ದೇನೆ, ಒಳಗೆ ಕಾಲಿಟ್ಟದ್ದು ಇವತ್ತೇ ಮೊದಲು. ಗುಲಾಬಿ ಗಿಡಗಳಿವೆ. ನಾಲ್ಕು ನಿಮಿಷದಲ್ಲಿ ನೋಡಿ ಮುಗಿಯಿತು.

ಮನೆಯಿಂದ ಹೊರಗೆ ದಬ್ಬಿದ್ದು ಇವಳು, ನನ್ನ ಹೆಂಡತಿ. ಸಸ್ಪೆಂಡ್ ಆಗಿ ಆರು ದಿನ. ಅಷ್ಟರಲ್ಲಿ ನಾನು ಅಡುಗೆಮನೆಯ ನಲ್ಲಿ ಬಿಚ್ಚಿದೆ, ಗೋಡೆ ಗಡಿಯಾರ ಬಿಚ್ಚಿದೆ, ನಿನ್ನೆ ಇವಳ ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಟ್ಟೆ. ಹೊಲಿಯಲು ಕೊಟ್ಟಿದ್ದ ಯಾರದೋ ಬಿಳಿ ಕೋಟಿನ ಮೇಲೆ ಎಣ್ಣೆಯ ಕಲೆ ಆಯಿತು. "ರೀ, ನೀವು ಇನ್ನೊಂದು ದಿನ ಮನೇಲಿದ್ರೆ ನನಗೆ ಹುಚ್ಚು ಹಿಡಿಯತ್ತೆ. ಎಲ್ಲಿಗಾದ್ರೂ ಹೋಗಿ, ಊಟದ ಹೊತ್ತಿಗೆ ಬನ್ನಿ" ಅಂದಳು.

ನಡೆದದ್ದನ್ನೂ ಬರೆದಿಡುತ್ತೇನೆ, ಡಿಪೋದವರು ತಿರುಚಿ ತಿರುಚಿ ಕೇಳುತ್ತಿದ್ದಾರೆ. ಆಗಸ್ಟ್ 29, ಮ್ಯೂಸಿಯಂ ಸ್ಟಾಪ್. ಅಲ್ಲಿ ರಸ್ತೆ ಬಾಗಿದೆ, ಹಿಂದಿನ ಬಾಗಿಲು ಕನ್ನಡಿಯಲ್ಲಿ ಕಾಣುವುದಿಲ್ಲ. ಅಲ್ಲಿ ಡ್ರೈವರ್‌ಗೆ ಕಂಡಕ್ಟರ್ ಎಳೆಯುವ ಬೆಲ್ಲೇ ಕಣ್ಣು. ಒಂದು ಬೆಲ್ ಅಂದರೆ ನಿಲ್ಲು, ಎರಡು ಬೆಲ್ ಅಂದರೆ ಹೊರಡು. ಎರಡು ಬೆಲ್ ಆಯಿತು, ಹೊರಟೆ. ಇಳಿಯುತ್ತಿದ್ದ ಒಬ್ಬ ವಯಸ್ಸಾದ ಟೀಚರಮ್ಮ ಬಿದ್ದು ಸೊಂಟದ ಮೂಳೆ ಮುರಿಯಿತು. ಕಂಡಕ್ಟರ್ ಕೊಕ್ಕರೆ "ನಾನು ಬೆಲ್ ಎಳೆದೇ ಇಲ್ಲ" ಅನ್ನುತ್ತಾನೆ. ಒಂದು ಕೈಯಲ್ಲಿ ಆಕೆಯ ತೋಳು, ಇನ್ನೊಂದು ಕೈಯಲ್ಲಿ ಆಕೆಯ ಚೀಲ ಇತ್ತಂತೆ. ಚೆನ್ನಾಗಿ ಕಥೆ ಕಟ್ಟಿದ್ದಾನೆ. ನನ್ನ ಕಿವಿ ಬಾಡಿಗೆಗೆ ತಂದದ್ದಲ್ಲ. ಇಬ್ಬರಲ್ಲಿ ಒಬ್ಬ ಸುಳ್ಳು ಹೇಳುತ್ತಿದ್ದಾನೆ, ಅದು ನಾನಲ್ಲ.

21ಕ್ಕೆ ವಿಚಾರಣೆ. ಬೆಲ್ ಆಗಿತ್ತು ಅಂತಾದರೆ ಅವನ ಕೆಲಸ ಹೋಗುತ್ತದೆ. ಆಗಿರಲಿಲ್ಲ ಅಂತಾದರೆ ನನ್ನದು.

ಸೆಪ್ಟೆಂಬರ್ 5, ಮಂಗಳವಾರ

ಹೊರಟದ್ದು 9.05. ಪಾರ್ಲಿಮೆಂಟ್ ಚೌಕ 9.41. ಆರು ನಿಮಿಷ ತಡ.

ತಡ ಯಾಕಾಯಿತು ಅಂತ ಬರೆಯಲು ನಾಚಿಕೆ. ದಾರಿಯಲ್ಲಿ ಸಿಕ್ಕ ಒಂದೊಂದು ಬಸ್ ಸ್ಟಾಪಿನಲ್ಲೂ ಕೈ ತಾನಾಗಿ ಬ್ರೇಕ್ ಹಿಡಿಯಿತು. ಸೈಕಲ್ ನಿಲ್ಲುವುದು, ನಾನು ಮುಂದೆ ನೋಡುತ್ತಾ ಕೂರುವುದು. ಮೂರನೇ ಸ್ಟಾಪಿನಲ್ಲಿ ತರಕಾರಿ ಚೀಲ ಹಿಡಿದ ಒಬ್ಬ ಹೆಂಗಸು, "ಏನ್ರೀ, ಸೀಟ್ ಖಾಲಿ ಇದ್ಯಾ?" ಅಂದಳು. ಸರತಿಯಲ್ಲಿ ನಿಂತವರೆಲ್ಲ ನಕ್ಕರು. ನಾನು ಚೈನ್ ನೋಡುವವನ ಹಾಗೆ ಬಗ್ಗಿದೆ.

ಚೌಕದಲ್ಲಿ ದೊಡ್ಡ ದೊಡ್ಡ ಕಂಬಗಳು, ಪಾರಿವಾಳ. ಬೆಂಚಿನ ಮೇಲೆ ಕೂತೆ. ಮೂರು ನಿಮಿಷಕ್ಕೆ ಕಾಲು ಕುಣಿಯತೊಡಗಿತು. ಎದ್ದು ಬಂದೆ.

ಸೆಪ್ಟೆಂಬರ್ 6, ಬುಧವಾರ

ಹೊರಟದ್ದು 9.00. ನದಿ ದಂಡೆ 9.28.

ದಂಡೆಯುದ್ದಕ್ಕೂ ಕಲ್ಲು ಹಾಸಿದ ದಾರಿ. ಸೈಕಲ್ಲಿನ ಬೆಲ್ ಸಡಿಲ. ಪ್ರತಿ ಕಲ್ಲಿಗೂ ತಾನೇ ಟ್ರಿಣ್ ಅನ್ನುತ್ತದೆ, ಕೊನೆಗೆ ಅದನ್ನು ಅಂಗೈಯಿಂದ ಒತ್ತಿ ಹಿಡಿದುಕೊಂಡೇ ತುಳಿದೆ. ಮನೆಗೆ ಬಂದು ಸ್ಕ್ರೂ ಬಿಗಿ ಮಾಡಿದೆ.

ಕೊಕ್ಕರೆಗೆ ಕೊಕ್ಕರೆ ಅಂತ ಹೆಸರಿಟ್ಟವನು ನಾನೇ. ಹನ್ನೊಂದು ವರ್ಷದ ಹಿಂದೆ, ಅವನು ಮೊದಲ ದಿನ ಡ್ಯೂಟಿಗೆ ಬಂದು ಬಸ್ಸಿನ ಚಾವಣಿಗೆ ತಲೆ ಬಡಿಸಿಕೊಂಡು, ಆಮೇಲೆ ಕತ್ತು ಬಗ್ಗಿಸಿಕೊಂಡೇ ಓಡಾಡಿದ್ದು ನೋಡಿ. ಇಳಿಯುವವರಿಗೆಲ್ಲ "ಎರಡೂ ಕಾಲು, ಎರಡೂ ಕಾಲು" ಅನ್ನುತ್ತಿದ್ದ. ಎರಡೂ ಕಾಲು ನೆಲಕ್ಕೆ ತಾಗುವ ತನಕ ಬೆಲ್ ಎಳೆಯುತ್ತಿರಲಿಲ್ಲ. ಅವನಿಂದಾಗಿ ನನಗೆ ಎಷ್ಟೋ ಸಲ ಒಂದೆರಡು ನಿಮಿಷ ತಡವಾಗಿದೆ, ಬೈದಿದ್ದೇನೆ. ಅಂಥವನು ಒಂದು ಸಲ ಎಡವಿದ್ದನ್ನು ಒಪ್ಪಿಕೊಂಡರೆ ಏನು ಗಂಟು ಹೋಗುತ್ತದೆ?

ಸೆಪ್ಟೆಂಬರ್ 8, ಶುಕ್ರವಾರ

ಯೂನಿಯನ್ ಮುಖಂಡ ಬೆಳಿಗ್ಗೆಯೇ ಫೋನ್ ಮಾಡಿದ. ಟೀಚರಮ್ಮ ಆಸ್ಪತ್ರೆಯಿಂದ ಹೇಳಿಕೆ ಕೊಟ್ಟಿದ್ದಾರೆ. ಬೆಲ್ ಎರಡು ಸಲ ಆದದ್ದು ಆಕೆಗೂ ಕೇಳಿಸಿದೆ! "ನೀನು ಬಚಾವ್ ಮಾರಾಯ. 21ಕ್ಕೆ ಬಂದು ಅದೇ ಮಾತು ಹೇಳು, 22ಕ್ಕೆ ಸ್ಟಿಯರಿಂಗ್ ಹಿಡಿ" ಅಂದ.

ಖುಷಿಯಾಯಿತು. ಖುಷಿಯಾಗದೆ ಏನು? ಇವಳಿಗೆ ಹೇಳಿದೆ. ಇವಳು ಸೂಜಿಗೆ ದಾರ ಪೋಣಿಸುತ್ತಾ, "ಹಾಗಾದ್ರೆ ಕೊಕ್ಕರೆ?" ಅಂದಳು. ಅವನ ಮಾತು ಈ ಮನೆಯಲ್ಲಿ ಬೇಡ ಅಂದೆ. ಸ್ವಲ್ಪ ಜೋರಾಗಿಯೇ ಅಂದೆ.

ಹೊರಟದ್ದು 10.20. ಕೋಟೆ ಗುಡ್ಡ 10.51. ನಕ್ಷೆಯಲ್ಲಿ "ಸೈಕಲ್ ತಳ್ಳಿಕೊಂಡು ಹತ್ತುವುದು ಒಳ್ಳೆಯದು" ಅಂತಿದೆ. ತುಳಿದೇ ಹತ್ತಿದೆ. ಮೇಲೆ ಹೋಗಿ ವಾಂತಿ ಬಂದ ಹಾಗಾಯಿತು. ಮೇಲಿಂದ ಇಡೀ ಊರು ಕಾಣುತ್ತದೆ, ಹದಿನಾಲ್ಕನೇ ನಂಬರಿನ ರೂಟು ಪೂರ್ತಿ. ಯಾವನೋ ಓಡಿಸುತ್ತಿದ್ದ ನನ್ನ ಬಸ್ಸು ಬೆಂಕಿಪೊಟ್ಟಣದಷ್ಟು ಕಂಡಿತು. ಸೇತುವೆಯ ಹತ್ತಿರ ತಿರುವು ಅಗಲ ತೆಗೆದುಕೊಂಡ, ಹಾಗೆ ತೆಗೆದುಕೊಳ್ಳಬಾರದು.

ಗೆದ್ದವನಿಗೆ ನಿದ್ದೆ ಬರಬೇಕಲ್ಲ. ಮಧ್ಯಾಹ್ನ ಮಲಗಿದೆ, ಬರಲಿಲ್ಲ.

ಸೆಪ್ಟೆಂಬರ್ 9, ಶನಿವಾರ

ಗಾಜಿನ ಮನೆ. 9.15ರಿಂದ 9.50. ಒಳಗೆ ಸೆಕೆ. ಗಿಡಗಳ ಹೆಸರು ಓದುತ್ತಾ ಹೋದೆ, ಒಂದೂ ನೆನಪಿಲ್ಲ. ಮಾಲಿಯೊಬ್ಬ ಸಣ್ಣ ಕುಂಚದಲ್ಲಿ ಎಲೆಯ ಧೂಳು ತೆಗೆಯುತ್ತಿದ್ದ, ಒಂದೊಂದೇ ಎಲೆ. "ಇಷ್ಟನ್ನೂ ಯಾವಾಗ ಮುಗಿಸ್ತೀರಿ?" ಅಂದೆ. "ಮುಗಿಯಲ್ಲ" ಅಂದ, ಅವನಿಗೆ ಅದರಿಂದ ಬೇಸರವೇ ಇಲ್ಲ. ಸುಮ್ಮನೆ ನೋಡುತ್ತಾ ನಿಂತೆ.

ಸೆಪ್ಟೆಂಬರ್ 11, ಸೋಮವಾರ

ಕೆರೆ. ಎಷ್ಟಕ್ಕೆ ಹೊರಟೆ ಅಂತ ನೋಡಲಿಲ್ಲ.

ಇವತ್ತು ಒಂದು ತಮಾಷೆ. ಕೆರೆಯ ಏರಿಯ ಮೇಲೆ ಸೈಕಲ್ ನಿಲ್ಲಿಸಿ, ಸೀಟಿನ ಮೇಲೇ ಕೂತು, ಒಂದು ಕಾಲು ನೆಲಕ್ಕೂರಿ ಬಾತುಕೋಳಿ ನೋಡುತ್ತಿದ್ದೆ. ಹತ್ತು ಮರಿಗಳು, ತಾಯಿಯ ಹಿಂದೆ ಸಾಲಾಗಿ. ಹಿಂದಿನಿಂದ ಟ್ರಿಣ್ ಟ್ರಿಣ್ ಅಂತು. ನನ್ನ ಕಾಲು ಪೆಡಲ್ ತುಳಿದೇಬಿಟ್ಟಿತು! ನಾನು ಹೇಳಲಿಲ್ಲ, ಅದೇ ತುಳಿಯಿತು. ಸೀದಾ ನೀರಿನ ಕಡೆ. ಮುಂದಿನ ಚಕ್ರ ಕೆಸರಿಗೆ ಹೂತು ನಿಂತಿತು.

ಹಿಂದಿದ್ದವಳು ಸೈಕಲ್ ಮೇಲೆ ಬಂದ ಒಬ್ಬ ಹುಡುಗಿ. ಗಾಬರಿಯಿಂದ ಇಳಿದು, "ಅಯ್ಯೋ ಅಂಕಲ್, ನಾನು ಪಕ್ಕಕ್ಕೆ ಸರೀರಿ ಅಂತ ಬೆಲ್ ಮಾಡಿದ್ದು! ಹೋಗಿ ಅಂತಲ್ಲ!" ಅಂದಳು. ಇಬ್ಬರೂ ನಕ್ಕೆವು. ಕೆಸರಿಂದ ಸೈಕಲ್ ಎಳೆಯಲು ಅವಳೇ ಕೈ ಕೊಟ್ಟಳು.

ಊಟಕ್ಕೆ ಕೂತಾಗ ಮನೆಯಲ್ಲಿ ಹೇಳಿದೆ. ಮಗಳು ಬಿದ್ದು ಬಿದ್ದು ನಕ್ಕಳು. ಇವಳು ನಗಲಿಲ್ಲ. ಚಮಚ ಹಿಡಿದುಕೊಂಡು ನನ್ನ ಮುಖವನ್ನೇ ನೋಡಿದಳು. "ಏನು?" ಅಂದೆ. "ಏನಿಲ್ಲ, ಊಟ ಮಾಡಿ" ಅಂದಳು.

ಸೆಪ್ಟೆಂಬರ್ 12, ಮಂಗಳವಾರ

ಎಲ್ಲಿಗೂ ಹೋಗಲಿಲ್ಲ. ಬೆನ್ನು ನೋವು.

ಸೆಪ್ಟೆಂಬರ್ 13, ಬುಧವಾರ

ಸೈಕಲ್ಲಿನ ಬೆಲ್ ಬಿಚ್ಚಿ ಇವಳ ಗುಂಡಿ ಡಬ್ಬಿಗೆ ಹಾಕಿದೆ. ಬಿಗಿ ಮಾಡಿದರೂ ಕಿರಿಕಿರಿ. ಇವಳು ಗುಂಡಿ ಹುಡುಕಲು ಹೋಗಿ ಕೈಗೆ ಸಿಕ್ಕಾಗ, "ಇದು ಇಲ್ಲಿ ಯಾಕಿದೆ?" ಅಂದಳು. ಸಡಿಲ ಆಗಿತ್ತು ಅಂದೆ. "ಬಿಗಿ ಮಾಡಿದೆ ಅಂದ್ರಲ್ಲ." ಎಲ್ಲದಕ್ಕೂ ಒಂದು ಪ್ರಶ್ನೆ ಇವಳದು.

ಸೆಪ್ಟೆಂಬರ್ 14, ಗುರುವಾರ

ನಕ್ಷೆಯಲ್ಲಿ ಏಳನೆಯದು ಮ್ಯೂಸಿಯಂ. ಅದನ್ನು ಬಿಟ್ಟು ಎಂಟನೆಯದಕ್ಕೆ, ಪ್ರಾಣಿಸಂಗ್ರಹಾಲಯಕ್ಕೆ ಹೋದೆ. ಮ್ಯೂಸಿಯಂ ಮುಂದಿನ ರಸ್ತೆಯಲ್ಲಿ ಹೋದರೆ ಹತ್ತು ನಿಮಿಷ. ಮಾರುಕಟ್ಟೆ ಬಳಸಿ ನಲವತ್ತು ನಿಮಿಷ ಹೋದೆ. ಆ ಕಡೆ ರಸ್ತೆ ಅಗೆದಿದ್ದಾರೆ ಅಂತ ಯಾರೋ ಹೇಳಿದ್ದರು.

ತೋಳವೊಂದು ಬೋನಿನಲ್ಲಿ ಈ ಗೋಡೆಯಿಂದ ಆ ಗೋಡೆಗೆ, ಆ ಗೋಡೆಯಿಂದ ಈ ಗೋಡೆಗೆ ನಡೆಯುತ್ತಿತ್ತು. ತಿರುಗುವಾಗ ಪ್ರತಿ ಸಲ ಅದೇ ಜಾಗದಲ್ಲಿ ಕಾಲಿಡುತ್ತದೆ. ನೆಲ ಸವೆದಿದೆ. ಅದನ್ನು ನೋಡಿ ತುಂಬಾ ಸಂಕಟವಾಯಿತು. ಬೇಗ ಬಂದುಬಿಟ್ಟೆ.

ರಸ್ತೆ ಅಗೆದಿಲ್ಲ. ಯಾರೂ ಹೇಳಿರಲಿಲ್ಲ.

ಸೆಪ್ಟೆಂಬರ್ 16, ಶನಿವಾರ

ಮ್ಯೂಸಿಯಂ ಸ್ಟಾಪಿಗೆ ಹೋದೆ. ಮ್ಯೂಸಿಯಂ ನೋಡಲಿಲ್ಲ. ಸ್ಟಾಪಿನ ಕಂಬಕ್ಕೆ ಸೈಕಲ್ ಒರಗಿಸಿ ನಿಂತೆ.

ಡ್ರೈವರ್ ಸೀಟಿನಲ್ಲಿ ಕೂತು ನಾನು ಗಮನಿಸದೇ ಇದ್ದದ್ದು ಒಂದಿದೆ. ಬಸ್ಸು ನಿಲ್ಲುವ ಜಾಗಕ್ಕೂ ಫುಟ್‌ಪಾತಿಗೂ ನಡುವೆ ಹಸಿರು ಬಣ್ಣ ಬಳಿದ ಪಟ್ಟಿ, ಸೈಕಲ್ ದಾರಿ. ಈ ಬೇಸಿಗೆಯಲ್ಲಿ ಬಳಿದದ್ದು. ಬಸ್ಸಿಂದ ಇಳಿದವರು ಅದನ್ನು ದಾಟಿಯೇ ಫುಟ್‌ಪಾತ್ ಹತ್ತಬೇಕು. ಬಸ್ಸು ನಿಂತಾಗ ಸೈಕಲಿನವರು ಬೆಲ್ ಮಾಡುತ್ತಾರೆ. ಮೂವತ್ತೊಂದು ಜನ ಮಾಡಿದರು, ಎಣಿಸಿದೆ. ಇಪ್ಪತ್ತಾರು ಜನ ಎರಡು ಸಲ.

ಆದರೆ ಬಸ್ಸಿನ ಬೆಲ್ ನನ್ನ ತಲೆಯ ಹತ್ತಿರವೇ ಇರುವುದು, ಅದರ ದನಿ ಬೇರೆ. ನಿಜ, ಆ ದಿನ ಸೆಕೆ ಅಂತ ಕಿಟಕಿಗಳೆಲ್ಲ ತೆರೆದಿದ್ದವು. ಆದರೂ ಹತ್ತೊಂಬತ್ತು ವರ್ಷ ಕೇಳಿದ ಕಿವಿ. ಆರು ನಿಮಿಷ ತಡವಾಗಿತ್ತು ಆವತ್ತು, ಅದೂ ನಿಜ. ಹೊರಡಲು ತುದಿಗಾಲಲ್ಲೇ ಇದ್ದೆ.

ಇದರಿಂದ ಏನೂ ಸಾಬೀತಾಗುವುದಿಲ್ಲ. ಟೀಚರಮ್ಮನಿಗೂ ಕೇಳಿಸಿದೆ ಅಂತ ಹೇಳಿಕೆಯೇ ಇದೆಯಲ್ಲ. ಅವನೇ ಎಳೆದದ್ದು.

ಸೆಪ್ಟೆಂಬರ್ 18, ಸೋಮವಾರ

ನಕ್ಷೆಯ ಹತ್ತನೆಯ ತಾಣ ಔಷಧಿ ಸಸ್ಯಗಳ ತೋಟ. ದೊಡ್ಡಾಸ್ಪತ್ರೆಗೆ ಅಂಟಿಕೊಂಡೇ ಇದೆ. ಒಂಬತ್ತನೆಯದು ಗಡಿಯಾರ ಗೋಪುರ, ಅದನ್ನು ಆಮೇಲೆ ನೋಡಿದರಾಯಿತು ಅಂತ ಬಿಟ್ಟೆ. ದಾರಿಯಲ್ಲಿ ಮನೆಗೆಂದು ನಾಲ್ಕು ಸೇಬು ಕೊಂಡೆ.

ತೋಟದ ಬೇಲಿಯ ಆಚೆ ರೋಗಿಗಳನ್ನು ಬಿಸಿಲಿಗೆ ತಂದು ಬಿಡುತ್ತಾರೆ. ಗೇಟು ದಾಟಿ ಹೋಗಿ, ಬಸ್ಸಿಂದ ಬಿದ್ದ ಟೀಚರಮ್ಮ ಯಾರು ಅಂತ ನರ್ಸನ್ನು ಕೇಳಿದೆ. ಅಲ್ಲಿ, ಗಾಲಿ ಕುರ್ಚಿಯಲ್ಲಿ ಅಂದಳು. ಸಣ್ಣ ಮುಖ, ದಪ್ಪ ಕನ್ನಡಕ, ಮಡಿಲಲ್ಲಿ ಪತ್ರಿಕೆಯ ಪದಬಂಧ. ಸೇಬಿನ ಚೀಲ ಕೊಟ್ಟೆ.

"ಯಾರಪ್ಪಾ ನೀನು?"

"ಬಸ್ಸಿನವನಮ್ಮ. ಹದಿನಾಲ್ಕನೇ ನಂಬರ್."

"ಕಂಡಕ್ಟರ್ ಅಲ್ಲ. ಅವನು ಉದ್ದ." ಕನ್ನಡಕ ಸರಿಮಾಡಿಕೊಂಡರು. "ತಿರುಗು ನೋಡೋಣ."

ಬೆನ್ನು ತೋರಿಸಿ ನಿಂತೆ.

"ಹೂಂ, ಡ್ರೈವರ್ರು. ಕುತ್ತಿಗೆ ಮೇಲೆ ಆ ಮಚ್ಚೆ. ಆರು ವರ್ಷದಿಂದ ನೋಡ್ತಿದ್ದೀನಿ, ಮುಖ ನೋಡಿದ್ದು ಇವತ್ತೇ."

ಮತ್ತೆ ಅವರ ಕಡೆ ತಿರುಗಲು ನನ್ನಿಂದಾಗಲಿಲ್ಲ. ಬೆನ್ನು ಹಾಕಿಕೊಂಡೇ "ತಪ್ಪಾಯ್ತಮ್ಮ" ಅಂದೆ.

"ನಿಂದೇನು ತಪ್ಪು? ಬೆಲ್ ಆಯ್ತು, ಹೊರಟೆ. ನಾನೂ ಕೇಳಿಸಿಕೊಂಡೆ. ಅದಕ್ಕೇ ತಾನೇ ನಾನು ಮೆಟ್ಟಿಲ ಮೇಲೆ ನಿಂತದ್ದು."

"ನಿಂತದ್ದಾ?"

"ಸೈಕಲ್ ಬಂತಲ್ಲ. ಟ್ರಿಣ್ ಟ್ರಿಣ್ ಅಂತ. ಅದು ಮೊದಲು ಹೋಗಲಿ ಅಂತ, ಕೆಳಗಿಡೋ ಕಾಲನ್ನ ಹಾಗೇ ಹಿಡಿದು ನಿಂತೆ. ಆ ಉದ್ದದವನೂ ನಿಂತ. ಒಂದು ಕೈಲಿ ನನ್ನ ತೋಳು, ಇನ್ನೊಂದು ಕೈಲಿ ನನ್ನ ಚೀಲ. ಬಿದ್ದಾಗ ಅವನೂ ನನ್ನ ಜೊತೆಗೇ ಬಿದ್ದ, ಪಾಪ. ಕೈ ಮಾತ್ರ ಬಿಡಲಿಲ್ಲ."

"ಇದನ್ನ ಹೇಳಿಕೆಯಲ್ಲಿ ಹೇಳಿದ್ರಾ ಅಮ್ಮ?"

"ಬೆಲ್ ಆಯ್ತಾ ಅಂತ ಕೇಳಿದ್ರು, ಆಯ್ತು ಅಂದೆ. ಎಷ್ಟು ಸಲ ಅಂದ್ರು, ಎರಡು ಸಲ ಅಂದೆ. ಯಾವ ಬೆಲ್ ಅಂತ ಯಾರೂ ಕೇಳಲಿಲ್ಲ." ಆಮೇಲೆ, "ಯಾಕಪ್ಪಾ, ಸೇಬು ತಿನ್ನಲ್ವಾ ನೀನು?" ಅಂದರು.

ಒಂದು ಸೇಬು ತಿಂದೆ.

ಸೆಪ್ಟೆಂಬರ್ 19, ಮಂಗಳವಾರ

ಯೂನಿಯನ್ ಮುಖಂಡನಿಗೆ ಫೋನ್ ಮಾಡಿ ಹೇಳಿದೆ. ಅವನು ದನಿ ತಗ್ಗಿಸಿದ. "ನೀನು ಆಸ್ಪತ್ರೆಗೆ ಹೋಗಿಲ್ಲ, ನನಗೆ ಏನೂ ಹೇಳಿಲ್ಲ. 21ಕ್ಕೆ ಬಾಯಿ ಮುಚ್ಚಿಕೊಂಡು ಕೂತಿರು. ಮಿಕ್ಕದ್ದು ಕಾಗದ ನೋಡ್ಕೊಳ್ಳತ್ತೆ."

ಹೌದಲ್ಲ, ನಾನು ಸುಳ್ಳು ಹೇಳಬೇಕಾಗಿಲ್ಲ. ಬೆಲ್ ಕೇಳಿದ್ದು ನಿಜ. ಅಷ್ಟೇ ಹೇಳಿದರೆ ಸಾಕು.

ಸಂಜೆ ಇವಳ ಮುಂದೆ ಕೂತು ಎಲ್ಲ ಹೇಳಿದೆ. ಕೆರೆಯ ಕಥೆ ಕೇಳಿದ ದಿನವೇ ಇವಳಿಗೆ ಹೀಗೇ ಆಗಿರಬೇಕು ಅಂತ ಅನ್ನಿಸಿತ್ತಂತೆ. ಆವತ್ತೇ ಯಾಕೆ ಹೇಳಲಿಲ್ಲ ಅಂದೆ. "ನಾನು ಹೇಳಿದ್ರೆ ನೀವು ಕೇಳೋರಾ? ಸೈಕಲ್ ಬಿಸಾಕಿ ಮನೇಲಿ ಕೂರ್ತಿದ್ರಿ" ಅಂದಳು.

ಭಯವಾಗುತ್ತಿದೆ. ಬರೆದುಕೊಳ್ಳಲು ಯಾರ ಹಂಗೇನು, ಭಯವಾಗುತ್ತಿದೆ. ಈ ಕೈಗೆ ಸ್ಟಿಯರಿಂಗ್ ಬಿಟ್ಟರೆ ಬೇರೇನೂ ಗೊತ್ತಿಲ್ಲ. ಸೇತುವೆಯ ತಿರುವಿನಲ್ಲಿ ನಿಂತ ಪ್ರಯಾಣಿಕನೂ ಅಲುಗದ ಹಾಗೆ ಬಸ್ಸನ್ನು ತಿರುಗಿಸುವುದು ಈ ಊರಿನಲ್ಲಿ ನನಗೊಬ್ಬನಿಗೇ ಬರುತ್ತದೆ. ಅದನ್ನು ಯಾರೂ ಗಮನಿಸಿಲ್ಲ, ಕೊಕ್ಕರೆ ಒಬ್ಬನನ್ನು ಬಿಟ್ಟು. "ಬೆಣ್ಣೆ ಅಣ್ಣಾ, ಬೆಣ್ಣೆ" ಅನ್ನುತ್ತಿದ್ದ ಹಿಂದಿನಿಂದ.

ಗುಂಡಿ ಡಬ್ಬಿಯಿಂದ ಬೆಲ್ ತೆಗೆದು ಸೈಕಲ್ಲಿಗೆ ಹಾಕಿದೆ.

ಸೆಪ್ಟೆಂಬರ್ 21, ಗುರುವಾರ

ವಿಚಾರಣೆ ಡಿಪೋದ ಮೇಲಂತಸ್ತಿನಲ್ಲಿ. ಉದ್ದ ಮೇಜು, ಆಚೆ ಮೂವರು ಅಧಿಕಾರಿಗಳು. ಈಚೆ ಎರಡು ಕುರ್ಚಿ. ಕೊಕ್ಕರೆ ಮೊದಲೇ ಬಂದು ಕೂತಿದ್ದ. ಮೊಣಕೈಗೆ ಇನ್ನೂ ಪಟ್ಟಿ ಕಟ್ಟಿಕೊಂಡಿದ್ದಾನೆ. ಆವತ್ತು ಬಿದ್ದಾಗಿನ ಗಾಯವೇ ಇರಬೇಕು, ನಾನು ಈ ಇಪ್ಪತ್ಮೂರು ದಿನದಲ್ಲಿ ಅವನಿಗೆ ಏನಾಯಿತು ಅಂತ ವಿಚಾರಿಸಿಯೇ ಇರಲಿಲ್ಲ. ನನ್ನ ಕಡೆ ನೋಡಲಿಲ್ಲ.

ಹಿರಿಯ ಅಧಿಕಾರಿ ಟೀಚರಮ್ಮನ ಹೇಳಿಕೆ ಓದಿದರು. ಬೆಲ್ ಎರಡು ಸಲ ಕೇಳಿಸಿತು. ಕೊಕ್ಕರೆ ಕತ್ತು ಬಗ್ಗಿಸಿದ, ಆ ಕೋಣೆಯ ಚಾವಣಿ ಬೇಕಾದಷ್ಟು ಎತ್ತರವಿದ್ದರೂ. ಆಮೇಲೆ ನನ್ನನ್ನು ಕೇಳಿದರು, "ನಿಮ್ಮ ಹೇಳಿಕೆಗೆ ಬದ್ಧರಾಗಿದ್ದೀರಾ?"

"ಬೆಲ್ ಕೇಳಿದ್ದು ನಿಜ ಸಾರ್. ಆದ್ರೆ ಅದು ಸೈಕಲ್ ಬೆಲ್. ಇವನು ಎಳೆದಿಲ್ಲ. ಇವನ ಎರಡೂ ಕೈ ಖಾಲಿ ಇರಲಿಲ್ಲ. ಟೀಚರಮ್ಮನ್ನ ಇನ್ನೊಂದು ಸಲ ಕೇಳಿ, ಅವರೇ ಹೇಳ್ತಾರೆ."

ಹಿಂದೆ ಕೂತಿದ್ದ ಯೂನಿಯನ್ ಮುಖಂಡ ಜೋರಾಗಿ ಕೆಮ್ಮಿದ.

"ಇದರ ಪರಿಣಾಮ ಏನು ಅಂತ ಗೊತ್ತಾ?"

"ಗೊತ್ತು ಸಾರ್."

"ಹತ್ತೊಂಬತ್ತು ವರ್ಷ ಅನುಭವ ಇರೋರು ಸೈಕಲ್ ಬೆಲ್ಲಿಗೆ ಬಸ್ ಬಿಟ್ರಾ?"

"ಅನುಭವ ಇರೋದಕ್ಕೇ ಬಿಟ್ಟೆ ಸಾರ್. ಹೊಸಬ ಆಗಿದ್ರೆ ಒಂದು ಸಲ ತಿರುಗಿ ನೋಡ್ತಿದ್ದ."

ಅವರು ಬರೆದುಕೊಂಡರು. ಆಸ್ಪತ್ರೆಗೆ ಫೋನ್ ಮಾಡಿ ಟೀಚರಮ್ಮನ ಹತ್ತಿರ ಮಾತಾಡಿದರು. ಅರ್ಧ ಗಂಟೆ ಹೊರಗೆ ಕೂರಿಸಿ ಕರೆದರು. ಕೊಕ್ಕರೆ ನಾಳೆಯಿಂದ ಡ್ಯೂಟಿಗೆ. ನನಗೆ ಇನ್ನು ಸ್ಟಿಯರಿಂಗ್ ಇಲ್ಲ. ಸೋಮವಾರದಿಂದ ಡಿಪೋದ ಬಿಡಿಭಾಗಗಳ ಸ್ಟೋರಿನಲ್ಲಿ ಕೆಲಸ. ಸಹಿ ಹಾಕುವಾಗ ಕಣ್ಣಿಗೆ ಅಕ್ಷರ ಕಾಣಲಿಲ್ಲ, ಅವರು ಬೆರಳಿಟ್ಟು ತೋರಿಸಿದ ಕಡೆ ಹಾಕಿದೆ.

ಸೈಕಲ್ ಹತ್ತಿರ ಬಂದು ಬೀಗ ತೆಗೆಯುತ್ತಿದ್ದೆ. ಕೊಕ್ಕರೆ ಬಂದು ಸ್ವಲ್ಪ ದೂರದಲ್ಲಿ ನಿಂತ.

"ಇಪ್ಪತ್ಮೂರು ದಿನ ನನ್ನನ್ನ ಸುಳ್ಳುಗಾರ ಅಂದ್ರಿ" ಅಂದ. ಅವನು ನನ್ನನ್ನು ಯಾವತ್ತೂ ಬಹುವಚನದಲ್ಲಿ ಮಾತಾಡಿಸಿದವನಲ್ಲ.

"ಹೌದು."

"ಹೆಂಡತಿ ಕೂಡ ಕೇಳಿದ್ಲು. ನಿಜ ಹೇಳಿ, ಅಪ್ಪಿತಪ್ಪಿ ಎಳೆದ್ರಾ ಅಂತ. ಆಮೇಲೆ ನನಗೇ ಅನುಮಾನ ಬಂತು, ಎಳೆದೆನೇನೋ ಅಂತ."

ಕ್ಷಮೆ ಕೇಳಿದೆ. ಅವನು ಕ್ಷಮಿಸಿದೆ ಅನ್ನಲಿಲ್ಲ. ಸೈಕಲ್ಲನ್ನು ಮೇಲಿಂದ ಕೆಳಗೆ ನೋಡಿದ.

"ಇದ್ಯಾರ್ದು?"

"ಮಗಳ್ದು. ಊರು ನೋಡ್ತಿದ್ದೀನಿ. ಗಡಿಯಾರ ಗೋಪುರ ಒಂದು ಬಾಕಿ."

"ನನ್ನ ಮನೆ ಆ ಕಡೆಯೇ" ಅಂದು, ಕೇಳದೆಯೇ ಹಿಂದಿನ ಕ್ಯಾರಿಯರ್ ಮೇಲೆ ಕೂತ. ಸೈಕಲ್ ನರಳಿತು. ನಾನು ಸೀಟಿನ ಮೇಲೆ ಕೂತು ಒಂದು ಕಾಲು ಪೆಡಲ್ ಮೇಲಿಟ್ಟೆ. ಅಷ್ಟೇ, ಮುಂದೆ ನೋಡುತ್ತಾ ಕೂತೆ.

"ಯಾಕೆ ನಿಂತೆ?" ಅಂದ. ಆಮೇಲೆ ಅವನಿಗೇ ಹೊಳೆಯಿತು. ಬೆನ್ನ ಮೇಲೆ ಅಂಗೈಯಿಂದ ಎರಡು ಸಲ ಬಡಿದ. ಎರಡನೆಯದು ಚೆನ್ನಾಗಿಯೇ ಬಿತ್ತು, ಇನ್ನೂ ಉರಿಯುತ್ತಿದೆ.

"ಹೊರಡಣ್ಣ" ಅಂದ.

ಅವನ ಎರಡೂ ಕಾಲು ಮೇಲಿವೆಯಾ ಅಂತ ತಿರುಗಿ ನೋಡಿ ಹೊರಟೆ.